ಕಾಡ್ಗಿಚ್ಚು ಹಾಯ್ದರೆ ಕಪ್ಪೆಗಳೆಲ್ಲ ಸತ್ತೇ ಹೋಗುತ್ತವಾ?

ಕಾಡುಪಾಪ: ಕಪ್ಪೆಯ ಚರ್ಮ ಎಷ್ಟು ತೆಳು ಅಂತ ಎಲ್ಲರಿಗೂ ಗೊತ್ತು. ನೀರು ಹೀರುವುದೂ ಅದರಿಂದಲೇ, ಅರ್ಧ ಉಸಿರಾಟವೂ ಅದರಿಂದಲೇ. ಅಂಥ ಜೀವಿ ಬೆಂಕಿಗೆ ಉಳಿಯುತ್ತಾ? ಯಾವ ಕಾಡಾದರೂ ಸರಿ, ಕಿಡಿ ಕಂಡ ತಕ್ಷಣ ಆರಿಸಬೇಕು. ಇದರಲ್ಲಿ ವಾದ ಮಾಡುವುದೇನಿದೆ?

ನೀರ್ಗುಳ್ಳೆ: ಇದೆ ಸರ್. ಬೆಂಕಿಯಲ್ಲೇ ಸುಟ್ಟು ಸಾಯುವವು ನೀವು ಅಂದುಕೊಂಡಷ್ಟು ಜಾಸ್ತಿ ಇಲ್ಲ. ಮಣ್ಣು ಶಾಖವನ್ನು ಬೇಗ ಒಳಗೆ ಬಿಡುವುದಿಲ್ಲ, ಬಿಲದಲ್ಲಿ ಕೂತವು ಎಷ್ಟೋ ಸಲ ಬದುಕುತ್ತವೆ. ಪಶ್ಚಿಮ ಆಫ್ರಿಕಾದ ಸವನ್ನಾ ಹುಲ್ಲುಗಾವಲಿನಲ್ಲಿ ಮಳೆಯಿಲ್ಲದ ಕಾಲವನ್ನು ಒಣಹುಲ್ಲಿನ ಮೇಲೆ ಕೂತೇ ಕಳೆಯುವ ಪುಟ್ಟ ಜೊಂಡುಗಪ್ಪೆಗಳಿವೆ. ಬೆಂಕಿಯ ಚಟಪಟ ಸದ್ದನ್ನು ರೆಕಾರ್ಡ್ ಮಾಡಿ ಕೇಳಿಸಿದರೂ ಅವು ಜಿಗಿದು ಓಡುತ್ತವೆ. ಕ್ಯಾಲಿಫೋರ್ನಿಯಾದ ನ್ಯೂಟ್‌ಗಳಂತೂ (ಬಾಲ ಇರುವ ಉಭಯವಾಸಿಗಳು) ಸಣ್ಣ ಜ್ವಾಲೆ ದಾಟಿ ಬಂದದ್ದನ್ನು ನೋಡಿದವರಿದ್ದಾರೆ. ಮೈಮೇಲಿನ ಲೋಳೆ ನೊರೆಯೆದ್ದು ಬೆಳ್ಳಗೆ ಗಟ್ಟಿಯಾಗಿತ್ತಂತೆ, ಒರೆಸಿದರೆ ಕೆಳಗೆ ಚರ್ಮ ಚೆನ್ನಾಗೇ ಇತ್ತಂತೆ.

ಸಂಜೆಮಳೆ: ಇನ್ನೂ ಇದೆ. ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಬೆಂಕಿಯ ನಂತರ ಬೋರಿಯಲ್ ನೆಲಗಪ್ಪೆಗಳು ಮೊದಲು ಬಳಸದ ಕೊಳಗಳಿಗೂ ಬಂದು ಮೊಟ್ಟೆ ಇಟ್ಟವು. ಮರದ ನೆರಳು ಹೋಯಿತು, ನೀರು ಬೆಚ್ಚಗಾಯಿತು, ಗೊದಮೊಟ್ಟೆಗಳಿಗೆ ಅದೇ ಬೇಕು. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರಕ್ಕೂ ಬಿಸಿ ಆಗಿಬರುವುದಿಲ್ಲ.

ಶಾಮಣ್ಣ: ಅರ್ಧ ಕಥೆ ಹೇಳಿ ನಿಲ್ಲಿಸಬೇಡಿ ಮೇಡಂ. ಆ ನೆಲಗಪ್ಪೆಗಳ ಹಿಗ್ಗು ಕೆಲವೇ ವರ್ಷದಲ್ಲಿ ಇಳಿಯಿತು. ಅದೇ ಪ್ರದೇಶದಲ್ಲಿ ಕಾಡು ಜೋರಾಗಿ ಸುಟ್ಟ ಕಡೆ ಉದ್ದಬೆರಳಿನ ಸಲಮಾಂಡರ್ (ಇದೂ ನ್ಯೂಟ್‌ನಂತೆ ಬಾಲದ ಉಭಯವಾಸಿ) ಮತ್ತು ಚುಕ್ಕೆ ಕಪ್ಪೆಗಳು ಕಡಿಮೆಯಾದದ್ದು ಗೊತ್ತಾಗಿದ್ದೇ ಏಳು ವರ್ಷ ದಾಟಿದ ಮೇಲೆ. ಮರುವರ್ಷ ಹೋಗಿ ನೋಡಿ 'ಏನೂ ಆಗಿಲ್ಲ' ಅಂತ ಬರೆದವರಿಗೆ ಅದು ಕಾಣಿಸುವುದೇ ಇಲ್ಲ.

ಇನ್ನು ನೀವಿಬ್ಬರೂ ಹೇಳಿದ್ದು ಹುಲ್ಲಿನದು, ಕೊಳದ್ದು. ತೊರೆಗೆ ಬನ್ನಿ. 1993ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಬೆಟ್ಟಗಳು ಸುಟ್ಟವು. ಇದೇ ನ್ಯೂಟ್‌ಗಳು ಮೊಟ್ಟೆ ಇಡುವ ತೊರೆಯ ಗುಂಡಿಗಳಿಗೆ ಆಮೇಲೆ ಬಂದ ಮಳೆಯಲ್ಲಿ ಹೂಳು ತುಂಬಿತು. ಹಿಡಿದಿಡಲು ಬೇರಿಲ್ಲದ ಬೆಟ್ಟದಿಂದ ಮಣ್ಣು ಸುಮ್ನೆ ಜಾರಿ ಬರುತ್ತೆ. ಜ್ವಾಲೆ ದಾಟಿದವಕ್ಕೂ ಮೊಟ್ಟೆ ಇಡಲು ಜಾಗ ಬೇಕಲ್ವಾ? ತಣ್ಣನೆಯ ತೊರೆಯಲ್ಲಿರುವ ಅಮೆರಿಕದ ಬಾಲಗಪ್ಪೆ (ಟೇಲ್ಡ್ ಫ್ರಾಗ್) ಇನ್ನೂ ಸೂಕ್ಷ್ಮ. ಅದರ ಗೊದಮೊಟ್ಟೆ ಬಾಯಿಂದಲೇ ಕಲ್ಲಿಗೆ ಕಚ್ಚಿಕೊಂಡು, ಅದರ ಮೇಲಿನ ಪಾಚಿ ಕೆರೆದು ತಿನ್ನುತ್ತಾ ವರ್ಷಗಟ್ಟಲೆ ಹರಿವಿನಲ್ಲೇ ಇರುತ್ತೆ. ಕಲ್ಲೇ ಹೂಳಲ್ಲಿ ಮುಚ್ಚಿಹೋದರೆ ಎಲ್ಲಿಗೆ ಹೋಗಬೇಕು?

ಕಾಡುಪಾಪ: ನಾನು ಹೇಳಿದ್ದೂ ಅದೇ ಅಲ್ವಾ! ಬೆಂಕಿಯನ್ನೇ ಆರಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಸಂಜೆಮಳೆ: ಹಾಗೆ ಆರಿಸುತ್ತಾ ಬಂದ ಕಾಡಿಗೆ ಏನಾಗುತ್ತೆ ಅಂತ ಅಮೆರಿಕದ ನ್ಯೂ ಮೆಕ್ಸಿಕೋದ ಹೆಮೆಜ್ ಬೆಟ್ಟ ನೋಡಿ. ಅಲ್ಲಿನ ಸಲಮಾಂಡರ್‌ಗೆ ಶ್ವಾಸಕೋಶವೇ ಇಲ್ಲ, ಕೊಳಕ್ಕೂ ಹೋಗುವುದಿಲ್ಲ, ಕೊಳೆತ ಮರದ ದಿಮ್ಮಿ ಮತ್ತು ಕಲ್ಲಿನಡಿಯ ತೇವವೇ ಅದರ ಮನೆ. ದಶಕಗಟ್ಟಲೆ ಸಣ್ಣ ಬೆಂಕಿಗೂ ಅವಕಾಶ ಕೊಡದೆ ಸೌದೆ ರಾಶಿಬಿದ್ದಿತ್ತು. 2011ರ ಲಾಸ್ ಕೊಂಚಾಸ್ ಬೆಂಕಿ ಬಂದಾಗ ದಿಮ್ಮಿ, ಮೇಲಿನ ಮರ ಎರಡೂ ಹೋದ ಜಾಗಗಳೇ ಬಹಳ. ನೆಲ ಒಣಗಿದರೆ ಅದು ಉಸಿರಾಡುವುದು ಹೇಗೆ? 2013ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು.

ಕಾಡುಪಾಪ: ಸರಿ, ಸಣ್ಣ ಬೆಂಕಿ ನಾವೇ ಹಾಕೋಣ ಅಂತೀರಾ? ಚಳಿಗಾಲದಲ್ಲಿ ಹಾಕಿದರೆ ಅಪಾಯವೂ ಕಡಿಮೆ.

ನೀರ್ಗುಳ್ಳೆ: ಅಲ್ಲೇ ತೊಡಕು ಇರುವುದು. ಅಮೆರಿಕದ ಆಗ್ನೇಯದ ಪೈನ್ ಕಾಡುಗಳಲ್ಲಿ ಫ್ಲ್ಯಾಟ್‌ವುಡ್ಸ್ ಸಲಮಾಂಡರ್ ಇದೆ. ಶರತ್ಕಾಲದಲ್ಲಿ ಒಣಗಿದ ಕೊಳದ ತಳಕ್ಕೆ ಬಂದು ಹುಲ್ಲಿನ ಬುಡದಲ್ಲಿ ಮೊಟ್ಟೆ ಇಟ್ಟು, ಮಳೆನೀರು ತುಂಬಲಿ ಅಂತ ಬಿಟ್ಟು ಹೋಗುತ್ತೆ. ಚಳಿಗಾಲದಲ್ಲಿ ಬೆಂಕಿ ಹಾಕಿದರೆ ಆಗ ಕೊಳದಲ್ಲಿ ನೀರಿರುತ್ತೆ, ಬೆಂಕಿ ದಡದಲ್ಲೇ ನಿಲ್ಲುತ್ತೆ. ತಳದಲ್ಲಿ ಪೊದೆ ಬೆಳೆದು ಹುಲ್ಲು ಸಾಯುತ್ತೆ. ಹಿಂದೆ ಅಲ್ಲಿ ಬೆಂಕಿ ಬೀಳುತ್ತಿದ್ದದ್ದು ಬೇಸಿಗೆಯ ಸಿಡಿಲಿಗೆ, ಕೊಳ ಒಣಗಿರುವಾಗ. ಅಲ್ಲಿ ಚಳಿಗಾಲದ ಬೆಂಕಿಯನ್ನೇ ನಂಬಿದರೆ ಕಾಡು ನೋಡೋಕೆ ಚೆನ್ನಾಗಿರುತ್ತೆ, ಸಲಮಾಂಡರ್ ಇರಲ್ಲ.