ಪುಢಾರಿಗೆ ಉತ್ತಮ ಪುರುಷವಿಲ್ಲ

ಸಂಜೆಯಾದರೆ ನಾವು ನಾಲ್ವರು ಸೀನನ ಬ್ಯಾನರ್ ಅಂಗಡಿಯಲ್ಲಿ ಸೇರುವುದು ಖಾರ ಮಂಡಕ್ಕಿಗಾಗಿ. ದಾವಣಗೆರೆಯಲ್ಲಿ ಸೇರುವುದಕ್ಕೆ ಬೇರೆ ಕಾರಣ ಯಾರೂ ಕೇಳುವುದಿಲ್ಲ. ಮೊನ್ನೆ ಮಾತ್ರ ಮಿರ್ಚಿಯ ಪೊಟ್ಟಣ ಬಿಚ್ಚುವ ಮೊದಲೇ ಸೀನ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದ. 8 ಅಡಿ ಅಗಲದ ಹುಟ್ಟುಹಬ್ಬದ ಬ್ಯಾನರ್. ಮೇಲೆ ಸಾಲಾಗಿ ಲಾಡುವಿನಷ್ಟು ದುಂಡಗೆ ಕತ್ತರಿಸಿದ ಏಳು ದೊಡ್ಡವರ ಮುಖಗಳು. ನಡುವೆ ಕಪ್ಪು ಕನ್ನಡಕ ಹಾಕಿಕೊಂಡು ಕೈಮುಗಿದು ನಿಂತ, ನಮ್ಮ ಹಿಂದಿನ ಬೀದಿಯ ಹುಡುಗ. ಕೆಳಗೆ ಅವನ ಹೆಸರು. ಹೆಸರಿನ ಮೇಲೆ ಒಂದು ಗೇಣು ಖಾಲಿ ಜಾಗ.

“ಇಲ್ಲಿ ತೂಕದ ಪದ ಹಾಕಣ್ಣ ಎಂದು ಹೇಳಿ ಹೋಗಿದ್ದಾನೆ. ಎಂಟು ಗಂಟೆಗೆ ಬರುತ್ತಾನೆ. ಏನು ಹಾಕಲಿ?”

“ಪುಢಾರಿ ಎಂದು ಹಾಕು” ಎಂದೆ. ಎಲ್ಲರೂ ನಕ್ಕರು. ಪಾಟೀಲ ನಗಲಿಲ್ಲ. ಅವನು ನಿಪ್ಪಾಣಿಯಿಂದ ವರ್ಗವಾಗಿ ಬಂದ ಬ್ಯಾಂಕಿನವನು.

“ನಗುವಂಥದ್ದು ಏನಿದೆ? ಮರಾಠಿಯಲ್ಲಿ ‘ಪುಢೇ’ ಎಂದರೆ ಮುಂದೆ. ಮುಂದೆ ನಡೆಯುವವನು ಪುಢಾರಿ. ನಮ್ಮ ಕಡೆಯ ಮನೆಗಳಿಗೆ ಬರುವ ಕೊಲ್ಹಾಪುರದ ದೊಡ್ಡ ದಿನಪತ್ರಿಕೆಯ ಹೆಸರೇ ಪುಢಾರಿ. 1956ರವರೆಗೆ ನಾವು ಮುಂಬಯಿಯವರ ಆಡಳಿತದಲ್ಲಿದ್ದವರು. ಒಳ್ಳೆಯ ಪದ ಎಂದೇ ನಿಮಗೆ ಕೊಟ್ಟೆವು. ನೀವು ಅದರ ಮಾನ ತೆಗೆದಿರಿ.”

“ನಿಮ್ಮಲ್ಲಿ ಅದಕ್ಕೆ ಯಾರೂ ನಗುವುದೇ ಇಲ್ಲವೇ?” ಎಂದ ರುದ್ರ. ಅವನು ಪತ್ರಿಕೆಯ ವರದಿಗಾರ, ಒಂದು ಮೂಲದ ಮಾತು ನಂಬುವವನಲ್ಲ.

ಪಾಟೀಲ ಮಿರ್ಚಿಯನ್ನು ಎರಡು ಸಲ ಅಗಿದ. “ಊರ ಪುಢಾರಿ ಎಂದರೆ ಸ್ವಲ್ಪ ನಗುತ್ತಾರೆ” ಎಂದು ಒಪ್ಪಿಕೊಂಡ.

ಸೀನ ಅಷ್ಟರಲ್ಲಿ ‘ಪುಡಾರಿ’ ಎಂದು ಟೈಪು ಮಾಡಿಬಿಟ್ಟಿದ್ದ. ಮೇಷ್ಟರು ಕನ್ನಡಕ ಏರಿಸಿದರು. “ಡಕಾರದ ಹೊಟ್ಟೆ ಸೀಳಯ್ಯ. ಮಹಾಪ್ರಾಣವಿಲ್ಲದ ಪುಢಾರಿ ಎಲ್ಲಿಯಾದರೂ ಉಂಟೇ? ಇರುವುದೇ ಅಷ್ಟು, ಆ ದನಿಯನ್ನೂ ಕಿತ್ತುಕೊಂಡರೆ ಪಾಪ.”

ಆಮೇಲೆ ಮೇಷ್ಟರು ನಿವೃತ್ತಿಯಾಗಿ ಒಂಬತ್ತು ವರ್ಷವಾಗಿದೆ ಎಂಬುದನ್ನು ಮರೆತರು. “ಈ ಪದದ ವಿಶೇಷ ಕೇಳಿ. ‘ಅವನೊಬ್ಬ ಪುಢಾರಿ’ ಎನ್ನಬಹುದು, ಅದು ಪ್ರಥಮ ಪುರುಷ. ಜಗಳಕ್ಕೆ ಸಿದ್ಧನಿದ್ದರೆ ‘ನೀನು ಪುಢಾರಿ’ ಎನ್ನಬಹುದು, ಮಧ್ಯಮ ಪುರುಷ. ‘ನಾನು ಪುಢಾರಿ’ ಎಂದು ಯಾವನಾದರೂ ಹೇಳಿದ್ದನ್ನು ಕೇಳಿದ್ದೀರಾ? ವೇದಿಕೆಯ ಮೇಲೆ ‘ಮಾನ್ಯ ಪುಢಾರಿಗಳೇ’ ಎಂದದ್ದನ್ನು? ಈ ನಾಮಪದಕ್ಕೆ ಉತ್ತಮ ಪುರುಷವೇ ಇಲ್ಲ.”

ಸೀನ ಪರದೆಯ ಮೇಲಿದ್ದ ಹುಡುಗನ ಮುಖ ನೋಡಿ, “ಹೌದು, ಅಂಥವರು ಕಡಿಮೆ” ಎಂದ. ಅವನಿಗೆ ವ್ಯಾಕರಣ ಬರುವುದಿಲ್ಲ ಎಂದು ಯಾರೂ ತಿಳಿಯಬಾರದು.

“ಹಾಗಾದರೆ ಮುಖಂಡ ಎಂದು ಹಾಕು. ಯಾರಿಗೂ ನೋವಾಗುವುದಿಲ್ಲ” ಎಂದ ರುದ್ರ. “ನಾನು ಬರೆಯುವ ಪ್ರತಿ ಸುದ್ದಿಯ ಕೊನೆಯ ಸಾಲು ಅದೇ. ‘ಮುಖಂಡರಾದ ಇವರು, ಅವರು, ಮತ್ತೊಬ್ಬರು ಇದ್ದರು.’ ಏನು ಮಾಡಿದರು ಎಂದು ಬರೆಯಬೇಕಾಗಿಲ್ಲ. ಇದ್ದರು, ಅಷ್ಟೇ. ಒಂದು ಹೆಸರು ಬಿಟ್ಟುಹೋದರೆ ಮಾತ್ರ ಬೆಳಗ್ಗೆ ಆರಕ್ಕೆ ಫೋನು ಬರುತ್ತದೆ. ಹಿರಿಯ ಮುಖಂಡ ಎಂದು ಬರೆದರೆ ಈ ಸಲ ಟಿಕೆಟ್ ತಪ್ಪಿತು ಎಂದು ಓದುಗರೇ ತಿಳಿದುಕೊಳ್ಳುತ್ತಾರೆ.”

“ಧುರೀಣ?” ಎಂದೆ. ಸಹಕಾರಿ ಸಂಘದ ಅಧ್ಯಕ್ಷರಾದರೆ ಸಾಕು, ಪತ್ರಿಕೆಗಳಲ್ಲಿ ಮರುದಿನದಿಂದ ಸಹಕಾರಿ ಧುರೀಣ.

ಮೇಷ್ಟರು ನಕ್ಕರು. “ಸಂಸ್ಕೃತದಲ್ಲಿ ‘ಧುರ’ ಎಂದರೆ ನೊಗ. ಧುರೀಣ ಎಂದರೆ ನೊಗ ಹೊರುವುದಕ್ಕೆ ತಕ್ಕದ್ದು, ಅಂದರೆ ಎತ್ತು. ಧುರಂಧರನೂ ಅದೇ ಕೊಟ್ಟಿಗೆಯವನು. ಅರ್ಥ ತಿಳಿದು ಹೊಗಳಿದರೆ ಬಹಳ ದೊಡ್ಡ ಹೊಗಳಿಕೆ.”

ಈ ಹುಡುಗ ಈವರೆಗೆ ಹೊತ್ತದ್ದು ಗಣಪತಿ ಮೆರವಣಿಗೆಯ ಧ್ವನಿವರ್ಧಕವನ್ನು ಮಾತ್ರ. ಅದನ್ನೂ ಅರ್ಧ ದಾರಿಯಲ್ಲಿ ಇಳಿಸಿದ್ದ. ಧುರೀಣ ಬಿದ್ದುಹೋಯಿತು.

“ಮುತ್ಸದ್ದಿ?” ಎಂದು ಸೀನ ಧೈರ್ಯ ಮಾಡಿದ. ಎಪ್ಪತ್ತು ದಾಟದವರಿಗೆ, ಸೋತು ಮನೆಯಲ್ಲಿ ಕೂರದವರಿಗೆ ಅದು ಸಲ್ಲುವುದಿಲ್ಲ ಎಂದು ರುದ್ರ ತಡೆದ. ಮೇಷ್ಟರ ತಕರಾರು ಬೇರೆಯದು. ಆ ಪದ ಪಾರಸಿಯ ದಾರಿಯಲ್ಲಿ ಬಂದದ್ದು, ಹಿಂದೆ ಕಚೇರಿಯಲ್ಲಿ ಲೆಕ್ಕಪತ್ರ ಬರೆಯುವ ಗುಮಾಸ್ತನಿಗೂ ಅದೇ ಹೆಸರು. ಉತ್ತರ ಭಾರತದಲ್ಲಿ ಅದಕ್ಕೆ ಇವತ್ತಿಗೂ ಗುಮಾಸ್ತನ ಅರ್ಥವಿದೆ. ನಮ್ಮಲ್ಲಿ ಅದೇ ಗುಮಾಸ್ತ ಬಡ್ತಿಯ ಮೇಲೆ ಬಡ್ತಿ ಪಡೆದು ರಾಷ್ಟ್ರದ ಹಿತಚಿಂತಕನಾದ.

“ನೋಡಿದಿರಾ ಅನ್ಯಾಯ!” ಎಂದ ಪಾಟೀಲ. “ಕಾರಕೂನನನ್ನು ತಲೆಯ ಮೇಲೆ ಕೂರಿಸಿದಿರಿ. ಮುಂದೆ ನಡೆಯುವವನು ನಮ್ಮ ಕಡೆಯಿಂದ ಬಂದರೆ ಅವನಿಗೆ ‘ಮರಿ’ ಸೇರಿಸಿದಿರಿ.”

ಅವನ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮರಿ ಪುಢಾರಿ ಎನ್ನುತ್ತೇವೆ, ಮರಿ ಮುತ್ಸದ್ದಿ ಎಂದು ಯಾರೂ ಎನ್ನುವುದಿಲ್ಲ. ಟೀ ತರಿಸಿದೆವು.

‘ನಾಯಕ’ ಸುಲಭವಾಗಿ ಗೆಲ್ಲಬೇಕಿತ್ತು. ಪಕ್ಕದ ಚಿತ್ರದುರ್ಗದಲ್ಲಿ ಮದಕರಿ ನಾಯಕನ ಕೋಟೆಯೇ ಇದೆ. ಆದರೆ ಸಿನಿಮಾದಲ್ಲಿ ನಾಯಕ, ಕ್ರಿಕೆಟಿನಲ್ಲಿ ನಾಯಕ, ನಾಲ್ಕನೆಯ ತರಗತಿಯಲ್ಲಿ ಕಪ್ಪುಹಲಗೆ ಒರೆಸುವವನೂ ನಾಯಕ. ಸೈನ್ಯದಲ್ಲಂತೂ ನಾಯಕ್ ಎಂದರೆ ಹವಾಲ್ದಾರನಿಗಿಂತ ಒಂದು ಮೆಟ್ಟಿಲು ಕೆಳಗೆ. ‘ಮುಂದಾಳು’ ಅಚ್ಚಗನ್ನಡ, ಪುಢಾರಿಯ ನೇರ ಅರ್ಥವೂ ಹೌದು. ಅದರಲ್ಲಿ ಆಳು ಇದೆ ಎಂದು ಸೀನ ಮೂಗು ಮುರಿದ. “ನನ್ನನ್ನು ಆಳು ಎಂದಿರಾ ಎಂದು ಬ್ಯಾನರ್ ವಾಪಸ್ ಕೊಟ್ಟರೆ ಬಟ್ಟೆಯ ಹಣ ಯಾರು ಕೊಡುತ್ತಾರೆ?”

“ಸಾರಥಿ ಎಂದು ಹಾಕಿ” ಎಂದ ರುದ್ರ. “ಪಕ್ಷಕ್ಕೆ ಹೊಸ ಅಧ್ಯಕ್ಷರು ಬಂದ ದಿನ ನಮ್ಮಲ್ಲಿ ತಲೆಬರಹ ಅದೇ.”

“ಕೊರಳಲ್ಲಿ ಏನಿದೆ ನೋಡಿ” ಎಂದರು ಮೇಷ್ಟರು. ಹುಡುಗನ ಕೊರಳಲ್ಲಿ ಪಕ್ಷದ ಬಣ್ಣದ ಶಲ್ಯವಿತ್ತು. “ಕರ್ಣನ ರಥ ಹೊಡೆದವನು ಯಾರು? ಶಲ್ಯ ಮತ್ತು ಸಾರಥ್ಯ ಎರಡನ್ನೂ ಒಂದೇ ಬ್ಯಾನರಿನಲ್ಲಿ ಹಾಕಿದರೆ, ಮೇಲಿನ ಏಳು ಜನರಲ್ಲಿ ಒಬ್ಬರಾದರೂ ಮಹಾಭಾರತ ಓದಿದವರಿದ್ದರೆ ಇವನ ಕಥೆ ಮುಗಿಯಿತು.”

ಆ ಏಳು ಮುಖಗಳನ್ನು ಒಂದೊಂದಾಗಿ ನೋಡಿದೆವು. ಅಂಥ ಅಪಾಯವಿದೆ ಎಂದು ನನಗೇನೂ ಅನ್ನಿಸಲಿಲ್ಲ.

ಎಂಟು ಗಂಟೆಗೆ ಹುಡುಗ ಬಂದ. ಕಪ್ಪು ಕನ್ನಡಕ ರಾತ್ರಿಯೂ ಇತ್ತು. ನೊಗ, ಗುಮಾಸ್ತ, ಹವಾಲ್ದಾರ, ಶಲ್ಯ ಎಲ್ಲವನ್ನೂ ಮೇಷ್ಟರು ಮತ್ತೊಮ್ಮೆ ವಿವರಿಸಿದರು. ಅವನು ಉಳಿದ ಒಂದೇ ಮಿರ್ಚಿಯನ್ನು ತಿನ್ನುತ್ತಾ ವಿನಯದಿಂದ ಪೂರ್ತಿ ಕೇಳಿಸಿಕೊಂಡ. ಅದೊಂದು ಗುಣ ಅವನಲ್ಲಿದೆ.

“ಅದೆಲ್ಲ ಗೆದ್ದ ಮೇಲೆ ನೋಡೋಣ ಸರ್. ಈಗ ‘ಪ್ರಬಲ ಆಕಾಂಕ್ಷಿ’ ಎಂದು ಹಾಕಿ.”

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಎರಡು ಗಂಟೆಯಿಂದ ತಲೆ ಕೆಡಿಸಿಕೊಂಡರೂ ನಮಗೆ ಆ ಪದ ಹೊಳೆದಿರಲಿಲ್ಲ. “ಯಾವುದರ ಆಕಾಂಕ್ಷಿ?” ಎಂದು ಪಾಟೀಲ ಕೇಳಿದ.

“ಅದನ್ನು ಬರೆಯಬೇಡಿ ಸರ್. ಜಾಗ ಖಾಲಿ ಇರಲಿ. ಯಾವುದಕ್ಕೆ ಬೇಕಾದರೂ ಆಗುತ್ತದೆ.”

ಸೀನ ಟೈಪು ಮಾಡಿ, ದೊಡ್ಡದಾಗಿಸಿ, ಕೆಂಪು ಬಣ್ಣ ತುಂಬಿದ. ಆಮೇಲೆ ಕುರ್ಚಿ ತಿರುಗಿಸಿ ಕೈ ಚಾಚಿದ.

“ಪೂರ್ತಿ ಹಣ ಈಗಲೇ ಕೊಡು. ಮುಖಂಡರಿಗಾದರೆ ಸಾಲ ಬರೆದುಕೊಳ್ಳುತ್ತೇನೆ, ಆಕಾಂಕ್ಷಿಗಳಿಗೆ ಕೊಡುವುದಿಲ್ಲ.”