ಸಹಾಯ ಬೇಕು: ಜಿರ್ಕಾನ್ ವಯಸ್ಸು ಜಾಸ್ತಿ ಬರ್ತಿದೆ

ಎಲ್ಲರಿಗೂ ನಮಸ್ಕಾರ. ಹಾಸನದ ಗೊರೂರು ಕಡೆಯ ನೈಸ್ ಕಲ್ಲಿನ ಜಿರ್ಕಾನ್ ಹರಳುಗಳ ವಯಸ್ಸನ್ನು ಲೇಸರ್ ಐಸಿಪಿ-ಎಂಎಸ್‌ನಲ್ಲಿ ಅಳೆಯುತ್ತಿದ್ದೇನೆ. ಅಂದರೆ ಲೇಸರ್‌ನಿಂದ ಹರಳನ್ನು ಕೊರೆದು, ಅದರಲ್ಲಿರುವ ಯುರೇನಿಯಂ ಮತ್ತು ಅದು ಕ್ಷಯಿಸಿ ಆದ ಸೀಸ ಎಷ್ಟೆಷ್ಟಿದೆ ಎಂದು ಯಂತ್ರದಲ್ಲಿ ನೋಡುವುದು. 193 ನ್ಯಾನೋಮೀಟರ್ ಲೇಸರ್, 30 ಮೈಕ್ರಾನ್ ಗುಳಿ, ಸೆಕೆಂಡಿಗೆ 10 ಹೊಡೆತ, ಹೀಲಿಯಂ ಹರಿವು.

ಲೆಕ್ಕ ಕಟ್ಟುವುದು 91500 ಎಂಬ, ವಯಸ್ಸು ಮೊದಲೇ ಗೊತ್ತಿರುವ ಮಾನಕ ಜಿರ್ಕಾನ್ ಹರಳಿನ ಮೇಲೆ. ತಾಳೆ ನೋಡಲು ಪ್ಲೆಶೋವಿತ್ಸೆ ಎಂಬ ಇನ್ನೊಂದು ಮಾನಕ ಜಿರ್ಕಾನ್ ಇಡುತ್ತೇನೆ. ಅದರ ವಯಸ್ಸು 337 ಮಿಲಿಯನ್ ವರ್ಷ ಬರಬೇಕು, ನನಗೆ 346 ಬರುತ್ತಿದೆ. ಮೂರು ದಿನವೂ ಇದೇ ಕಥೆ.

ಗುಳಿ ಆಳವಾದಂತೆ ಸೀಸ-ಯುರೇನಿಯಂ ಅನುಪಾತ ಏರುವುದು ಗೊತ್ತಿರುವ ವಿಷಯವೇ. ಆದರೆ ಆ ಏರಿಕೆ ಎರಡೂ ಹರಳಿನಲ್ಲಿ ಒಂದೇ ಥರ ಇಲ್ಲ. ಪ್ಲೆಶೋವಿತ್ಸೆಯಲ್ಲಿ ಗೆರೆ ಸ್ವಲ್ಪ ಕಡಿದಾಗಿದೆ. ನನ್ನ ಹರಳುಗಳಲ್ಲಂತೂ ವಿಕಿರಣದಿಂದ ಹಾಳಾದ ಕಂದು ಭಾಗಗಳಿವೆ. ಅಲ್ಲಿ ಲೇಸರ್ ಬೇಗ ಕೊರೆಯುತ್ತದೆ ಅನ್ನೋದು ನನ್ನ ಅನುಮಾನ. ಇಷ್ಟು ಹಳೆಯ ಕಲ್ಲಿಗೆ 207/206 ಸೀಸದ ವಯಸ್ಸೇ (ಸೀಸ-207 ಮತ್ತು ಸೀಸ-206ರ ಅನುಪಾತದಿಂದ ಸಿಗುವುದು) ಮುಖ್ಯ, ನಿಜ. ಆದರೂ ಸೀಸ ಸೋರಿದೆಯೋ ಇಲ್ಲವೋ ಹೇಳಲು ಸೀಸ-ಯುರೇನಿಯಂ ಅನುಪಾತವೂ ಸರಿ ಇರಲೇಬೇಕು ಅಲ್ವಾ?

ಹೊಡೆತವನ್ನು 5ಕ್ಕೆ ಇಳಿಸಿದರೆ ಸಾಕಾ? ಇಲ್ಲ ವಿಕಿರಣದ ಹಾನಿ ಸರಿಹೋಗಲು ಹರಳುಗಳನ್ನು ಮೊದಲೇ 850 ಡಿಗ್ರಿಯಲ್ಲಿ ಎರಡು ದಿನ ಕಾಯಿಸಬೇಕಾ? ಕಾಯಿಸಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಮುಂದಿನ ವಾರ ಮತ್ತೆ ಯಂತ್ರ ಸಿಗುತ್ತದೆ.