ಆಲಿಗೋಟ್ರೋಫ್, ಕೋಪಿಯೋಟ್ರೋಫ್: ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನದ ಫಲಕವೊಂದು ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಒಂದು ಬದಿ ಅಮೆರಿಕದ ನ್ಯೂ ಮೆಕ್ಸಿಕೋದ ಲೆಚುಗಿಯಾ ಗುಹೆ. 40 ಲಕ್ಷ ವರ್ಷಕ್ಕೂ ಹೆಚ್ಚು ಕಾಲ ಹೊರಜಗತ್ತಿನ ನಂಟಿಲ್ಲದೆ, ಆಹಾರ ಅತಿ ಕಡಿಮೆ ಇರುವಲ್ಲಿ ಬದುಕಿದ ಬ್ಯಾಕ್ಟೀರಿಯಾ; 2012ರ ಅಧ್ಯಯನದಲ್ಲಿ ಕೆಲವು 14 ಆಂಟಿಬಯೋಟಿಕ್‌ಗಳಿಗೆ ಜಗ್ಗಲಿಲ್ಲ. ಇನ್ನೊಂದು ಬದಿ ಕೊಳಚೆ ತುಂಬಿದ ಬೆಳ್ಳಂದೂರು ಕೆರೆ. ಆಹಾರ ಕಡಿಮೆ ಇರುವಲ್ಲಿ ಬದುಕುವ ಆಲಿಗೋಟ್ರೋಫ್‌ಗೆ ‘ಅಲ್ಪಪೋಷಿ’, ಆಹಾರ ಹೇರಳವಾಗಿರುವಲ್ಲಿ ಬೆಳೆಯುವ ಕೋಪಿಯೋಟ್ರೋಫ್‌ಗೆ ‘ಬಹುಪೋಷಿ’ ಎಂದು ಹಾಕಿದ್ದೇನೆ. ಔಷಧಕ್ಕೆ ಜಗ್ಗದ ಗುಣಕ್ಕೆ, ಅಂದರೆ ರೆಸಿಸ್ಟೆನ್ಸ್‌ಗೆ, ‘ನಿರೋಧಕ ಶಕ್ತಿ’. ಸರಿಯೇ?
— ಸು., ಬೆಂಗಳೂರು

ಪೋಷಿ ಎಂದರೆ ಸಾಕುವವನು, ಉಣ್ಣುವವನಲ್ಲ. ನಮ್ಮದೇ ‘ಉಣ್’ ಇರುವಾಗ ಈ ತಿಣುಕಾಟ ಯಾಕೆ? ಊಟ, ಊಡು, ಉಣಿಸು ಎಲ್ಲ ಅದರಿಂದಲೇ ಬಂದವು. ‘ಕಿರಿಯುಣ್ಣಿ’, ‘ಹಿರಿಯುಣ್ಣಿ’ ಅನ್ನಿ.
— ಶಿ., ಧಾರವಾಡ

ಉಣ್ಣಿ ದನದ ಮೈಗೆ ಹತ್ತುವ ಹುಳ. ಕೂಡದು.
— ಗ., ಸಾಗರ

ಆ ಜೋಡಿಗಿಂತ ‘ನಿರೋಧಕ ಶಕ್ತಿ’ಯೇ ಹೆಚ್ಚು ಅಪಾಯ. ಓದುವವರಿಗೆ ಅದು ನಮ್ಮ ಮೈಯ ರೋಗನಿರೋಧಕ ಶಕ್ತಿ. ಮಾತ್ರೆಗೆ ಮೈ ಒಗ್ಗಿಹೋಯಿತು ಎಂದೇ ಎಷ್ಟೋ ಜನ ನಂಬಿದ್ದಾರೆ. ಬದಲಾಗುವುದು ಮೈಯಲ್ಲ, ಬ್ಯಾಕ್ಟೀರಿಯಾ. ಫಲಕ ಆ ತಪ್ಪನ್ನೇ ಗಟ್ಟಿಮಾಡಬಾರದು.

ಎರಡು ಸಂಗತಿಗಳನ್ನು ಬೇರೆ ಇಡಬೇಕು. ಪೆನಿಸಿಲಿನ್ ಕೊಲ್ಲುವುದು ಕೋಶಭಿತ್ತಿ ಕಟ್ಟುತ್ತಾ ಬೆಳೆಯುವ ಬ್ಯಾಕ್ಟೀರಿಯಾವನ್ನು. ಆಹಾರವಿಲ್ಲದೆ ಬೆಳವಣಿಗೆ ನಿಂತದ್ದು ಔಷಧದ ನಡುವೆ ಸಾಯದೆ ಉಳಿದೀತು, ಆದರೆ ಹೆಚ್ಚಲಾರದು. ಅದು ‘ತಾಳಿಕೆ’. ಔಷಧವಿದ್ದರೂ ಬೆಳೆದು ಹೆಚ್ಚಿದರೆ ‘ಪ್ರತಿರೋಧ’. ಗುಹೆಯಲ್ಲಿ ಕಂಡದ್ದು ಪ್ರತಿರೋಧವೇ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಔಷಧವನ್ನು ಕೆಡಿಸುವ ಕಿಣ್ವಗಳಿದ್ದವು, ಅದೂ ಮನುಷ್ಯನ ಔಷಧಿಯೇ ಸೋಕದ ಕಡೆ. ಕೊಳಚೆ ನೀರಿನ ಕಥೆ ಬೇರೆ. ಅಲ್ಲಿ ಬ್ಯಾಕ್ಟೀರಿಯಾಗಳ ದಟ್ಟಣೆ ಹೆಚ್ಚು, ಪ್ರತಿರೋಧದ ಜೀನ್‌ಗಳು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ತುಣುಕುಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ.
— ವ., ಮೈಸೂರು

ತಾಳಿಕೆ ಒಪ್ಪಿದೆ. ‘ಪ್ರತಿರೋಧ’ ಮತ್ತೆ ಸಂಸ್ಕೃತ. ‘ಜಗ್ಗದಿಕೆ’ ಏಕಾಗದು? ಫಲಕ ಬರೆದವರೇ ‘ಜಗ್ಗಲಿಲ್ಲ’ ಅಂದಿದ್ದಾರೆ, ನೋಡಿ. ಮನಸ್ಸಿಗೆ ಮೊದಲು ಬರುವುದು ಕನ್ನಡ, ಬರೆಯುವಾಗ ಮಾತ್ರ ಅದಕ್ಕೆ ಮಡಿ ಉಡಿಸುತ್ತೇವೆ.
— ಶಿ.

ಜಗ್ಗಲಿಲ್ಲ ಎಂಬುದು ಮಾತು. ಜಗ್ಗದಿಕೆ ಯಾರ ಬಾಯಲ್ಲೂ ಇಲ್ಲ. ‘ಆಸ್ಪತ್ರೆ’ ಹೊರಗಿನಿಂದ ಬಂದದ್ದು, ಅದನ್ನು ಅಟ್ಟಿದವರುಂಟೇ? ಬಳಕೆಯಲ್ಲಿ ನಿಂತದ್ದು ಕನ್ನಡ. ‘ಬ್ಯಾಕ್ಟೀರಿಯಾ’ ಪದವನ್ನು ಬಿಟ್ಟು ‘ಪ್ರತಿರೋಧ’ದ ಮೇಲೆ ಮಾತ್ರ ಹರಿಹಾಯುವುದು ಯಾವ ನ್ಯಾಯ?
— ಗ.

ತಾಳಿಕೆ, ಪ್ರತಿರೋಧ ಎರಡನ್ನೂ ತೆಗೆದುಕೊಂಡೆ, ವ. ಅವರಿಗೆ ಕೃತಜ್ಞತೆ. ಒಳಗಿನ ಬರಹದಲ್ಲಿ ‘ಪೋಷಕಾಂಶ ಕಡಿಮೆ ಇರುವಲ್ಲಿ ಬದುಕುವ’ ಎಂದು ಬಿಡಿಸಿ ಬರೆಯುತ್ತೇನೆ. ಆದರೆ ತಲೆಬರಹದಲ್ಲಿ ಎರಡೇ ಪದಕ್ಕೆ ಜಾಗ. ‘ಅಲ್ಪಾಹಾರಿ’, ‘ಬಹ್ವಾಹಾರಿ’ ನಡೆದೀತೇ? ಬೆಳಗ್ಗೆ 10ರೊಳಗೆ ತಿಳಿಸಿ.
— ಸು.